ಬ್ಯಾಕ್‌ಲಾಗ್‌ನ ಊಟದ ಲೆಕ್ಕ

"ದಿನಾ ಇದಕ್ಕೆ ಏನೇನು ಹಾಕ್ತೀರಿ?" ಅಂತ ಪಶು ಆಸ್ಪತ್ರೆಯ ಡಾಕ್ಟರ್ ಕೇಳಿದಾಗ ನಾವು ಮೂವರು ಮುಖ ಮುಖ ನೋಡಿಕೊಂಡೆವು. ಆಮೇಲೆ ನೆನಪಾದ ಹಾಗೆ ಹೇಳುತ್ತಾ ಹೋದೆವು. ಬೆಳಿಗ್ಗೆ ಹಾಲು. ಹತ್ತು ಗಂಟೆಗೆ ಮಾರಿ ಬಿಸ್ಕೆಟ್. ಮಧ್ಯಾಹ್ನ ಮೆಸ್ಸಿನ ಮೊಸರನ್ನ. ಸಂಜೆ ಯಾರಾದ್ರೂ ಚಿಪ್ಸ್ ಹಾಕ್ತಾರೆ. ರಾತ್ರಿ ಮತ್ತೆ ಹಾಲು. ಭಾನುವಾರ ಗೇಟ್ ಹೊರಗಿಂದ ತಂದ ಆಮ್ಲೆಟ್‌ನಲ್ಲಿ ಒಂದು ತುಂಡು, ಈರುಳ್ಳಿ ಸಮೇತ. ಡಾಕ್ಟರ್ ಎಲ್ಲ ಕೇಳಿಸಿಕೊಂಡು, "ಸರಿ. ಇದರಲ್ಲಿ ಬೆಕ್ಕಿನ ಊಟ ಯಾವುದು?" ಅಂದರು.

ವೈವಾದಲ್ಲಿ ಕೂಡ ನಾವು ಅಷ್ಟು ಹೊತ್ತು ಸುಮ್ಮನೆ ನಿಂತಿಲ್ಲ.

ಬ್ಯಾಕ್‌ಲಾಗ್ ಯಾರು ಅಂತ ಬಿ ಬ್ಲಾಕ್‌ನವರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ: ಕಂದು ಪಟ್ಟೆಯ, ಬಲಗಿವಿಯ ತುದಿ ಸ್ವಲ್ಪ ಹರಿದಿರುವ ಹೆಣ್ಣು ಬೆಕ್ಕು. ನಾವು ಫಸ್ಟ್ ಇಯರ್‌ನಲ್ಲಿದ್ದಾಗ ಸೈಕಲ್ ಸ್ಟ್ಯಾಂಡ್ ಹತ್ತಿರ ಕಾಣಿಸಿಕೊಂಡಿತು. ಎಷ್ಟು ಸಲ ಓಡಿಸಿದರೂ ಮತ್ತೆ ಹಾಜರಾಗುತ್ತಿದ್ದುದರಿಂದ ಸೀನಿಯರ್ಸ್ ಆ ಹೆಸರಿಟ್ಟರು. ಒಂದು ತಿಂಗಳಲ್ಲಿ ಎಲ್ಲರ ಬಾಯಲ್ಲೂ 'ಅದು' ಹೋಗಿ 'ಅವಳು' ಆಯ್ತು.

ಅವಳು ಉಪವಾಸ ಇದ್ದವಳಲ್ಲ. ಎಂಟು ರೂಮಿನಿಂದ ಎಂಟು ಸಲ ತಿನ್ನುತ್ತಿದ್ದಳು. ಆದರೂ ಪಕ್ಕೆಲುಬು ಎಣಿಸಬಹುದಿತ್ತು, ಕೂದಲು ಒರಟಾಗಿತ್ತು, ಹೊಟ್ಟೆ ಯಾವಾಗಲೂ ಕೆಟ್ಟಿರುತ್ತಿತ್ತು. ಇದನ್ನು ಬರೆಯೋಕೆ ಕೂತಿರೋದು ಆ ಕಾರಣಕ್ಕೇ. ಬೆಕ್ಕಿಗೆ ಒಳ್ಳೆಯ ಊಟ ಹಾಕೋದು ಅಂದ್ರೆ ಶ್ರೀಮಂತರ ಕೆಲಸ, ನಮ್ಮಂಥ ಹಾಸ್ಟೆಲ್‌ನವರು ಇದ್ದದ್ದರಲ್ಲಿ ಏನೋ ಹಾಕ್ತೀವಿ ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ಲೆಕ್ಕ ಹಾಕಿ ನೋಡಿದ ಮೇಲೆ ಗೊತ್ತಾಗಿದ್ದು ಬೇರೆ: ಒಳ್ಳೆಯ ಊಟಕ್ಕೆ ಬೇಕಾದ್ದಕ್ಕಿಂತ ಹೆಚ್ಚಿನ ದುಡ್ಡನ್ನು ನಾವು ಆಗಲೇ ಖರ್ಚು ಮಾಡುತ್ತಿದ್ದೆವು, ಕೆಟ್ಟ ಊಟಕ್ಕೆ.

ಹಾಲಿನ ವಿಷಯ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಚಿಕ್ಕಂದಿನಲ್ಲಿ ಯಾರು ಕೇಳಿಲ್ಲ? ಇಲಿ ಕಾಟ ಅಂತ ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆ ಒಂದು ಹಸು ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಸುಡುವ ಹಾಲು ಇಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಕತೆ ಕೇಳಿ ನಾವೆಲ್ಲ ಪಾಪ ಅಂದಿದ್ವಿ. ಬಾಯಿ ಸುಟ್ಟಿದ್ದಕ್ಕೆ ಪಾಪ ಅನ್ನಲೇಬೇಕು. ಹಾಲು ತಪ್ಪಿದ್ದಕ್ಕೆ ಅನ್ನಬೇಕಿರಲಿಲ್ಲ.

ಮರಿ ಇದ್ದಾಗ ತಾಯಿ ಹಾಲು ಜೀರ್ಣ ಮಾಡೋಕೆ ಬೆಕ್ಕಿನ ಹೊಟ್ಟೆಯಲ್ಲಿ ಲ್ಯಾಕ್ಟೇಸ್ ಅನ್ನೋ ಕಿಣ್ವ ಇರುತ್ತೆ. ಹಾಲು ಬಿಟ್ಟ ಮೇಲೆ ಅದು ಕಡಿಮೆಯಾಗುತ್ತಾ ಹೋಗುತ್ತೆ. ದೊಡ್ಡ ಬೆಕ್ಕಿಗೆ ಹಸುವಿನ ಹಾಲು ಹಾಕಿದರೆ ಲ್ಯಾಕ್ಟೋಸ್ ಜೀರ್ಣವಾಗದೆ ಎಷ್ಟೋ ಬೆಕ್ಕುಗಳಿಗೆ ಭೇದಿ ಶುರುವಾಗುತ್ತೆ. ಅವಳು ಆಸೆಯಿಂದ ಕುಡಿಯುತ್ತಾಳೆ, ನಿಜ. ನಾವೂ ರಾತ್ರಿ ಎರಡು ಗಂಟೆಗೆ ಮ್ಯಾಗಿ ಆಸೆಯಿಂದಲೇ ತಿಂತೀವಿ.

ಬಿಸ್ಕೆಟ್‌ನ ಕತೆ ಇನ್ನೂ ತಮಾಷೆ. ಬೆಕ್ಕಿಗೆ ಸಿಹಿ ರುಚಿಯೇ ಗೊತ್ತಾಗಲ್ಲ. ಸಿಹಿ ಗುರುತಿಸೋ ರಿಸೆಪ್ಟರ್‌ಗೆ ಬೇಕಾದ ಎರಡು ಜೀನ್‌ಗಳಲ್ಲಿ ಒಂದು ಬೆಕ್ಕಿನ ಜಾತಿಯಲ್ಲೇ ಕೆಟ್ಟು ನಿಂತಿದೆ ಅಂತ 2005ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ನಾವು ಪ್ರೀತಿಯಿಂದ ಕೊಟ್ಟ ಬಿಸ್ಕೆಟ್‌ನ ಸಿಹಿ ಅವಳ ನಾಲಿಗೆಗೆ ತಲುಪಲೇ ಇಲ್ಲ.

ಅವಳ ತಟ್ಟೆ, ನಮ್ಮ ತಟ್ಟೆ

ಬೆಕ್ಕು ಮಾಂಸಾಹಾರಿ. ನಾಯಿಯ ಹಾಗೆ ಅನ್ನ, ರೊಟ್ಟಿ, ಮಾಂಸ ಎಲ್ಲದರಲ್ಲೂ ಹೊಂದಿಕೊಂಡು ಹೋಗೋ ಪ್ರಾಣಿ ಅಲ್ಲ. ಅದಕ್ಕೆ ಬೇಕಾದ ಕೆಲವು ಅಂಶಗಳು ಸಹಜವಾಗಿ ಸಿಗೋದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ಕ್ಯಾರೆಟ್‌ನಲ್ಲಿರೋ ಕೆರೋಟಿನ್‌ನಿಂದ ನಮ್ಮ ದೇಹ ವಿಟಮಿನ್ ಎ ಮಾಡಿಕೊಳ್ಳುತ್ತೆ, ಬೆಕ್ಕಿನ ದೇಹಕ್ಕೆ ಆ ಕೆಲಸ ಆಗಲ್ಲ. ಟಾರೀನ್ ಅನ್ನೋದು ಇನ್ನೊಂದು. ಅದನ್ನು ಸಾಕಷ್ಟು ತಯಾರಿಸಿಕೊಳ್ಳೋಕೆ ಬೆಕ್ಕಿಗೆ ಬರಲ್ಲ, ಊಟದಿಂದಲೇ ಬರಬೇಕು. ಕಡಿಮೆಯಾದರೆ ಕಣ್ಣಿನ ರೆಟಿನಾ ಹಾಳಾಗುತ್ತೆ, ಹೃದಯದ ಸ್ನಾಯು ಸೋಲುತ್ತೆ. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯರು ಇದನ್ನು ಪತ್ತೆ ಮಾಡಿದರು. ಅವರು ನೋಡಿದ ಹೃದ್ರೋಗದ ಬೆಕ್ಕುಗಳು ತಿನ್ನುತ್ತಿದ್ದುದು ಅಂಗಡಿಯ ಪ್ಯಾಕೆಟ್ ಆಹಾರವನ್ನೇ. ಟಾರೀನ್ ಕೊಟ್ಟ ಮೇಲೆ ಹೃದಯ ಸುಧಾರಿಸಿತು. ಅದಾದ ಮೇಲೆ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಟಾರೀನ್ ಹೆಚ್ಚಿಸಿದವು.

ಇದನ್ನು ಬ್ಲಾಕ್‌ನಲ್ಲಿ ಹೇಳಿದಾಗ ಗಲಾಟೆ ಆಯ್ತು. ನಮ್ಮ ಗುಂಪಿನ ಹತ್ತು ಜನರಲ್ಲಿ ನಾಲ್ವರು ಮೊಟ್ಟೆ ಕೂಡ ಮುಟ್ಟಲ್ಲ. ಮೆಸ್ಸು ಸಸ್ಯಾಹಾರಿ. "ನಮ್ಮ ಅಜ್ಜಿ ಮನೆ ಬೆಕ್ಕು ಮೊಸರನ್ನ ತಿಂದೇ ಹತ್ತು ವರ್ಷ ಬದುಕಿತ್ತು" ಅಂತ ಒಬ್ಬ ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಅಜ್ಜಿ ಮನೆಯಲ್ಲಿ ಅಟ್ಟ ಇತ್ತು, ಅಟ್ಟದಲ್ಲಿ ಇಲಿ ಇತ್ತು, ಹಿತ್ತಲಲ್ಲಿ ಓತಿಕ್ಯಾತ ಇತ್ತು. ಆ ಬೆಕ್ಕಿನ ಊಟ ಅದು. ಮೊಸರನ್ನ ನಂಚಿಕೊಳ್ಳೋಕೆ ಅಷ್ಟೇ. ಅಜ್ಜಿಗೆ ಕಂಡಿದ್ದು ಮೊಸರನ್ನದ ಬಟ್ಟಲು ಮಾತ್ರ.

ಕೊನೆಗೆ ಒಪ್ಪಂದ ಹೀಗಾಯ್ತು. ಸಸ್ಯಾಹಾರಿಗಳು ಚಿಕನ್ ಮುಟ್ಟಬೇಕಿಲ್ಲ, ಅವರ ದುಡ್ಡಲ್ಲಿ ಚಿಕನ್ ತರೋದೂ ಬೇಡ. ಅವರ ಪಾಲಿನ ದುಡ್ಡು ಪ್ಯಾಕೆಟ್ ಆಹಾರಕ್ಕೆ, ಅವರ ಪಾಲಿನ ಕೆಲಸ ನೀರು, ಬಟ್ಟಲು ಮತ್ತು ಲೆಕ್ಕದ ಪುಸ್ತಕ. ಅಜ್ಜಿ ಮನೆಯ ಬೆಕ್ಕಿನ ಗೆಳೆಯನೇ ಈಗ ಖಜಾಂಚಿ. ಇದನ್ನು ಯಾಕೆ ಬರೀತಿದ್ದೀವಿ ಅಂದ್ರೆ, ಊಟದ ವಿಷಯ ಬಂದರೆ ನಮ್ಮ ಕ್ಯಾಂಪಸ್ಸಿನಲ್ಲಿ ಜನ ಬೇಗ ಎರಡು ಗುಂಪಾಗ್ತಾರೆ. ಒಬ್ಬರು ಬೆಕ್ಕಿಗೂ ತಮ್ಮ ನಿಯಮ ಹೇಳ್ತಾರೆ, ಇನ್ನೊಬ್ಬರು ಬೆಕ್ಕಿನ ನೆಪದಲ್ಲಿ ಸಸ್ಯಾಹಾರಿಗಳನ್ನು ರೇಗಿಸ್ತಾರೆ. ಎರಡೂ ಬೇಡ. ನಮ್ಮ ತಟ್ಟೆ ನಮ್ಮದು, ಅವಳ ತಟ್ಟೆ ಅವಳದು.

ಲೆಕ್ಕ

ಲೀನಿಯರ್ ಪ್ರೋಗ್ರಾಮಿಂಗ್ ಓದುವಾಗ 'ಡಯಟ್ ಪ್ರಾಬ್ಲಂ' ಅಂತ ಒಂದು ಬರುತ್ತೆ. 1945ರಲ್ಲಿ ಜಾರ್ಜ್ ಸ್ಟಿಗ್ಲರ್ ಅನ್ನೋ ಅರ್ಥಶಾಸ್ತ್ರಜ್ಞ 77 ಆಹಾರಗಳ ಪಟ್ಟಿ ಇಟ್ಟುಕೊಂಡು, ಒಬ್ಬ ಮನುಷ್ಯನಿಗೆ ಬೇಕಾದ ಪೋಷಕಾಂಶ ಎಲ್ಲ ಸಿಗೋ ಹಾಗೆ ಅತಿ ಕಡಿಮೆ ಖರ್ಚಿನ ಊಟ ಯಾವುದು ಅಂತ ಲೆಕ್ಕ ಹಾಕಿದ್ದ. 1947ರಲ್ಲಿ ಡಾಂಟ್‌ಜಿಗ್‌ನ ಸಿಂಪ್ಲೆಕ್ಸ್ ವಿಧಾನವನ್ನು ಪರೀಕ್ಷೆ ಮಾಡಿದ್ದೂ ಇದೇ ಲೆಕ್ಕದ ಮೇಲೆ. ನಾವೂ ಬ್ಯಾಕ್‌ಲಾಗ್‌ಗೆ ಅದನ್ನೇ ಮಾಡೋಣ ಅಂತ ಒಂದು ರಾತ್ರಿ ಕೂತೆವು.

ಮೊದಲು ತಪ್ಪು ಮಾಡಿದೆವು. 100 ಕ್ಯಾಲೊರಿಗೆ ಎಷ್ಟು ರೂಪಾಯಿ ಅಂತ ಮಾತ್ರ ನೋಡಿದೆವು. ನಮ್ಮ ಗೇಟ್ ಹೊರಗಿನ ಬೆಲೆಯಲ್ಲಿ ಮಾರಿ ಬಿಸ್ಕೆಟ್ ಸುಮಾರು ₹3, ಹಾಲು ₹8, ಬೆಕ್ಕಿನ ಒಣ ಆಹಾರ ₹9.50, ಮೊಟ್ಟೆ ₹10, ಮೂಳೆ ಇಲ್ಲದ ಚಿಕನ್ ₹31, ಗ್ರೇವಿ ಇರೋ ಸಣ್ಣ ಪೌಚ್ ₹70 ಹತ್ತಿರ. ಬಿಸ್ಕೆಟ್ ಫಸ್ಟ್ ರ‍್ಯಾಂಕ್! ನಾವು ಗೊತ್ತಿಲ್ಲದೆ ಇಷ್ಟು ದಿನ ಪಾಲಿಸುತ್ತಿದ್ದದ್ದು ಇದೇ ಉತ್ತರವನ್ನು. ಕನ್‌ಸ್ಟ್ರೈಂಟ್ ಹಾಕದೆ ಖರ್ಚು ಕಡಿಮೆ ಮಾಡಿದರೆ ಬರೋ ಉತ್ತರ ಹೀಗೇ ಇರುತ್ತೆ.

ಆಮೇಲೆ ಸರಿ ಮಾಡಿಕೊಂಡೆವು. ಮೊದಲ ಷರತ್ತು: ಬೆಕ್ಕಿಗೆ ಬೇಕಾದ್ದೆಲ್ಲ ಅದರಲ್ಲಿ ಇರಬೇಕು. ಬೆಲೆ ಅದಾದ ಮೇಲೆ. ಆಗ ಬಿಸ್ಕೆಟ್, ಹಾಲು ಎರಡೂ ಪಟ್ಟಿಯಿಂದ ಬಿದ್ದುಹೋದವು, ಸಾಧಾರಣ ಬೆಲೆಯ ಒಣ ಆಹಾರ ಮೇಲೆ ಬಂತು. ಪ್ಯಾಕೆಟ್ ಮೇಲೆ 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಅಂತ ಇದೆಯಾ, ಯಾವ ವಯಸ್ಸಿನ ಬೆಕ್ಕಿಗೆ ಅಂತ ಬರೆದಿದೆಯಾ ಅನ್ನೋದನ್ನು ಓದಿ. ಕೆಲವು ಪೌಚ್ ಮೇಲೆ 'ಕಾಂಪ್ಲಿಮೆಂಟರಿ' ಅಂತ ಇರುತ್ತೆ. ಫ್ರೀ ಅಂತ ಅಲ್ಲ, ಪೂರ್ತಿ ಊಟ ಅಲ್ಲ ಅಂತ. ಚಿತ್ರದಲ್ಲಿರೋ ಬೆಕ್ಕಿನ ಹೊಳೆಯೋ ಕೂದಲನ್ನು ಲೆಕ್ಕಕ್ಕೆ ತಗೋಬೇಡಿ.

ಈಗ ನಮ್ಮ ತಿಂಗಳ ಲೆಕ್ಕ. ಬ್ಯಾಕ್‌ಲಾಗ್ ತೂಕ ಮೂರೂವರೆ ಕೆಜಿ. ಅವಳಿಗೆ ದಿನಕ್ಕೆ 200ರಿಂದ 220 ಕ್ಯಾಲೊರಿ ಸಾಕು. ಒಣ ಆಹಾರ ದಿನಕ್ಕೆ 53 ಗ್ರಾಂ, ತಿಂಗಳಿಗೆ 1.6 ಕೆಜಿ. ಕೆಜಿಗೆ ₹350ರ ಹಾಗೆ ₹560. ವಾರಕ್ಕೊಂದು ಬೇಯಿಸಿದ ಮೊಟ್ಟೆ, ತಿಂಗಳಿಗೆ ₹28. ವಾರಕ್ಕೆ 75 ಗ್ರಾಂ ಬೇಯಿಸಿದ ಚಿಕನ್, ತಿಂಗಳಿಗೆ ₹108. ಒಟ್ಟು ₹696. ಹತ್ತು ಜನಕ್ಕೆ ಹಂಚಿದರೆ ತಲೆಗೆ ₹70. ಗೇಟ್ ಹೊರಗೆ ಒಂದು ಪ್ಲೇಟ್ ಗೋಬಿ ಮಂಚೂರಿ.

ಇನ್ನು ಹಳೆಯ ಲೆಕ್ಕ. ದಿನಕ್ಕೆ ಅರ್ಧ ಲೀಟರ್ ಹಾಲು, ₹24. ತಿಂಗಳಿಗೆ ₹720. ಬಿಸ್ಕೆಟ್, ಚಿಪ್ಸ್ ಸೇರಿಸಲೇ ಇಲ್ಲ. ಅವಳ ಹೊಟ್ಟೆ ಕೆಡಿಸೋಕೆ ನಾವು ತಿಂಗಳಿಗೆ ₹24 ಹೆಚ್ಚಿಗೆ ಕೊಡುತ್ತಿದ್ದೆವು.

ಕಡಿಮೆ ಖರ್ಚಿನ ಹೆಸರಲ್ಲಿ ಬೀಳೋ ಹಳ್ಳಗಳೂ ಇವೆ, ನಾವೂ ಬಿದ್ದಿದ್ದೀವಿ. ನಾಯಿ ಆಹಾರ ಸ್ವಲ್ಪ ಅಗ್ಗ ಅಂತ ತಂದೆವು. ಅದನ್ನು ಮಾಡಿರೋದು ನಾಯಿಯ ದೇಹಕ್ಕೆ. ಬೆಕ್ಕಿಗೆ ಬೇಕಾದಷ್ಟು ಪ್ರೋಟೀನ್, ಟಾರೀನ್ ಅದರಲ್ಲಿ ಇರುತ್ತೆ ಅನ್ನೋ ಭರವಸೆ ಇಲ್ಲ. ದೊಡ್ಡ ಬ್ಯಾಗ್ ಅಗ್ಗ ಅಂತ ತಂದು ಬಾಯಿ ತೆರೆದಿಟ್ಟೆವು. ಮಳೆಗಾಲದಲ್ಲಿ ಮೆತ್ತಗಾಗಿ, ಎಣ್ಣೆ ಕಮಟು ವಾಸನೆ ಬಂದು, ಅರ್ಧ ಎಸೆಯಬೇಕಾಯ್ತು. ಈಗ 3 ಕೆಜಿ ಬ್ಯಾಗ್ ತಂದು ಸಿ ಬ್ಲಾಕ್‌ನವರ ಬೆಕ್ಕಿನ ಜೊತೆ ಹಂಚಿಕೊಳ್ತೀವಿ, ನಮ್ಮ ಪಾಲನ್ನು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಇಡ್ತೀವಿ. ಇರುವೆಗೆ ಅಮ್ಮಂದಿರ ಉಪಾಯವೇ: ದೊಡ್ಡ ತಟ್ಟೆಯಲ್ಲಿ ನೀರು, ಅದರ ಮಧ್ಯ ಬಟ್ಟಲು. ಅಳತೆಗೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ, ಒಂದು ಪೇಪರ್ ಕಪ್ಪಿಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದೀವಿ. ಬೆಳಿಗ್ಗೆ ಗೆರೆವರೆಗೆ, ಸಂಜೆ ಗೆರೆವರೆಗೆ. ಒಣ ಆಹಾರದಲ್ಲಿ ನೀರಿನಂಶ ತೀರಾ ಕಡಿಮೆ, ಬೆಕ್ಕಿಗೆ ಬಾಯಾರಿಕೆಯೂ ಕಡಿಮೆ. ಅದಕ್ಕೆ ಸಂಜೆಯದ್ದನ್ನು ನೀರಲ್ಲಿ ನೆನೆಸಿ ಕೊಡ್ತೀವಿ, ಎರಡು ಕಡೆ ನೀರಿಡ್ತೀವಿ. ನೀರಿಗೆ ಖರ್ಚಿಲ್ಲ.

ಹಾಗಾದರೆ ಬರೀ ಚಿಕನ್ ಯಾಕೆ ಹಾಕಬಾರದು ಅಂತ ಕೇಳಬಹುದು. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಬರೀ ಮಾಂಸ ತಿಂದು ಬೆಳೆಯೋ ಮರಿಗಳ ಮೂಳೆ ಮೆತ್ತಗಾಗಿ ಮುರಿಯುತ್ತೆ. ಇಲಿ ತಿನ್ನೋ ಬೆಕ್ಕಿಗೆ ಈ ತೊಂದರೆ ಇಲ್ಲ, ಅದು ಮೂಳೆ ಸಮೇತ ತಿನ್ನುತ್ತೆ. ಹಾಗಂತ ಬೇಯಿಸಿದ ಮೂಳೆ ಹಾಕಬೇಡಿ, ಅದು ಚೂಪಾಗಿ ಸೀಳಿ ಗಂಟಲಲ್ಲೋ ಕರುಳಲ್ಲೋ ಚುಚ್ಚುತ್ತೆ. ಲಿವರ್ ಅಗ್ಗ, ಆದರೆ ದಿನಾ ಕೊಟ್ಟರೆ ವಿಟಮಿನ್ ಎ ಅತಿಯಾಗಿ ಅದೂ ಮೂಳೆಗೆ ಕೆಡುಕು. ಕರಾವಳಿ ಕಡೆಯವರು ಮೀನು ಅಂತೀರಿ. ಬೇಯಿಸಿ, ಮುಳ್ಳು ತೆಗೆದು ಆಗಾಗ ಸ್ವಲ್ಪ ಕೊಡಬಹುದು, ದಿನಾ ಅದೇ ಬೇಡ. ಮೇಲಿನ ಲೆಕ್ಕದಲ್ಲಿ ಮೊಟ್ಟೆ, ಚಿಕನ್ ಎರಡೂ ಸೇರಿ ಹತ್ತನೇ ಒಂದು ಭಾಗದಷ್ಟು ಮಾತ್ರ ಇಟ್ಟಿರೋದು ಅದಕ್ಕೇ. ಏನೇ ಬೇಯಿಸಿದರೂ ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಅಂತೂ ಬೇಡವೇ ಬೇಡ: ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ವಿಷ ಹೋಗಲ್ಲ. ನಮ್ಮ ಭಾನುವಾರದ ಆಮ್ಲೆಟ್ ನೆನೆಸಿಕೊಂಡರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತೆ.

ರಜೆ

ಇಷ್ಟೆಲ್ಲ ಹೇಳಿದ್ದು ಸುಲಭದ ಭಾಗ. ಕಷ್ಟದ್ದು ಹೇಳಿಬಿಡ್ತೀವಿ.

ಕಳೆದ ಸೆಮಿಸ್ಟರ್ ಕೊನೆಯಲ್ಲಿ ಬ್ಯಾಕ್‌ಲಾಗ್ ಲಾಂಡ್ರಿ ರೂಮಿನ ಹಿಂದೆ ಮೂರು ಮರಿ ಹಾಕಿದ್ದಳು. ಎಲ್ಲರ ಫೋನಿನಲ್ಲೂ ಫೋಟೋ ಇತ್ತು. ಸ್ಟೇಟಸ್ ಹಾಕದೆ ಇದ್ದವರು ಯಾರೂ ಇರಲಿಲ್ಲ. ಪರೀಕ್ಷೆ ಮುಗಿಯಿತು, ಒಬ್ಬೊಬ್ಬರೇ ಬ್ಯಾಗ್ ಎತ್ತಿಕೊಂಡು ಊರಿಗೆ ಹೋದೆವು. ಮರಿಗೆ ಹಾಲೂಡೋ ಬೆಕ್ಕಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಊಟ ಬೇಕಾಗೋ ಹೊತ್ತು ಅದು. ಎಂಟು ರೂಮಿಗೂ ಬೀಗ, ಮೆಸ್ಸಿಗೂ ಬೀಗ. ಉಳಿದುಕೊಂಡ ಸೀನಿಯರ್ಸ್ ಹಾಕ್ತಾರೆ ಅಂತ ನಾವು ಅಂದುಕೊಂಡೆವು. ಸೀನಿಯರ್ಸ್ ನಮ್ಮಲ್ಲಿ ಯಾರೋ ಇದ್ದಾರೆ ಅಂದುಕೊಂಡರು. ವಾಚ್‌ಮನ್ ಅಣ್ಣ ತನ್ನ ಡಬ್ಬಿಯ ಅನ್ನದಲ್ಲಿ ಒಂದು ಪಾಲು ಇಟ್ಟಿದ್ದೇ ಅವಳಿಗೆ ಸಿಕ್ಕಿದ್ದು.

ಮೂರು ವಾರ ಬಿಟ್ಟು ವಾಪಸ್ ಬಂದಾಗ ಅವಳೊಬ್ಬಳೇ ಇದ್ದಳು. ಮರಿಗಳಲ್ಲಿ ಎರಡನ್ನು ತಾನೇ ಮಣ್ಣು ಮಾಡಿದೆ ಅಂತ ಅಣ್ಣ ಹೇಳಿದರು. ಮೂರನೆಯದು ಏನಾಯ್ತೋ ಯಾರಿಗೂ ಗೊತ್ತಿಲ್ಲ. ಹಸಿವಿನಿಂದಲೇ ಸತ್ತವಾ, ಕಾಯಿಲೆ ಬಂತಾ ಅಂತ ಈಗ ಹೇಳೋಕಾಗಲ್ಲ. ನಾವು ಇರಲಿಲ್ಲ ಅನ್ನೋದು ಮಾತ್ರ ಖಂಡಿತ. ಅವಳನ್ನು ಬಟ್ಟೆ ಬುಟ್ಟಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗಿದ್ದು, ಡಾಕ್ಟರ್ ಆ ಪ್ರಶ್ನೆ ಕೇಳಿದ್ದು, ಆ ವಾರದಲ್ಲೇ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಹತ್ತು ಜನ ಇಷ್ಟ ಬಂದಾಗ ಹಾಕೋದಕ್ಕಿಂತ ಇಬ್ಬರು ದಿನಾ ಹಾಕೋದು ಮೇಲು. ಬೆಕ್ಕು ಎರಡು ದಿನ ಏನೂ ತಿನ್ನದೆ ಇದ್ದರೆ ಅದರ ಲಿವರ್‌ಗೆ ಅಪಾಯ ಶುರುವಾಗುತ್ತೆ. ಇವತ್ತು ತಿಂದಳಾ ಇಲ್ಲವಾ ಅಂತ ಗೊತ್ತಿರೋ ಒಬ್ಬರಾದರೂ ಇರಬೇಕು. ಎಲ್ಲರೂ ಹಾಕೋ ಕಡೆ ಅದು ಯಾರಿಗೂ ಗೊತ್ತಿರಲ್ಲ.

ಇನ್ನೊಂದು, ದುಡ್ಡಿನ ದೃಷ್ಟಿಯಿಂದಲೂ: ಊಟ ಹಾಕೋರು ಆಪರೇಷನ್ ಕೂಡ ಮಾಡಿಸಬೇಕು. ಹೆಣ್ಣು ಬೆಕ್ಕು ಆರು ತಿಂಗಳು ತುಂಬುವ ಮೊದಲೇ ಗಬ್ಬ ಆಗಬಹುದು, ಒಂಬತ್ತು ವಾರಕ್ಕೆ ಮರಿ ಹಾಕುತ್ತೆ. ಒಂದು ಬೆಕ್ಕಿಗೆ ತಲೆಗೆ ₹70 ಅಂತ ಲೆಕ್ಕ ಇಟ್ಟವರು ಐದು ಬೆಕ್ಕಿಗೆ ಎಲ್ಲಿಂದ ತರೋದು? ಬ್ಯಾಕ್‌ಲಾಗ್‌ಗೆ ಮೈ ತುಂಬಿಕೊಂಡ ಮೇಲೆ ಆಪರೇಷನ್ ಆಯ್ತು, ರೇಬೀಸ್ ಲಸಿಕೆಯೂ ಆಯ್ತು. ಫೆಸ್ಟ್‌ನಲ್ಲಿ ನಾವು ನಿಂಬೆ ಶರಬತ್ತು ಮಾರಿದ್ದು ಅದಕ್ಕೇ.

"ನಮಗೇ ಮೆಸ್ಸಲ್ಲಿ ಸರಿಯಾದ ಊಟ ಇಲ್ಲ, ಬೆಕ್ಕಿಗೆ ಯಾಕಪ್ಪಾ ಇಷ್ಟು?" ಅಂತ ಕೇಳೋರಿದ್ದಾರೆ. ಮೆಸ್ಸಿನ ಬಗ್ಗೆ ಅವರು ಹೇಳೋದು ನಿಜ. ಆದರೆ ನಮಗೆ ಹಿಡಿಸದಿದ್ದರೆ ಗೇಟ್ ದಾಟಿ ಹೋಗ್ತೀವಿ, ಮನೆಗೆ ಫೋನ್ ಮಾಡಿ ಗೋಳು ಹೇಳ್ಕೋತೀವಿ. ಓಡಿಸುತ್ತಿದ್ದ ಬೆಕ್ಕನ್ನು ಕರೆದು ಕೂರಿಸಿ, ಬಟ್ಟಲಿಟ್ಟು, ಬೇಟೆ ಬಿಡಿಸಿ, ಇಲ್ಲೇ ಇರೋ ಹಾಗೆ ಮಾಡಿದವರು ನಾವು. "ಹೊಟ್ಟೆ ತುಂಬಿದರೆ ಇಲಿ ಹಿಡಿಯಲ್ಲ" ಅನ್ನೋರಿಗೆ: ಹಿಡೀತಾಳೆ. ಬೆಕ್ಕು ಬೇಟೆಯಾಡೋದು ಹಸಿವಿಗೆ ಮಾತ್ರ ಅಲ್ಲ. ಮೊನ್ನೆ ಮೊಟ್ಟೆ ತಿಂದ ಸಂಜೆಯೇ ಖಜಾಂಚಿಯ ಚಪ್ಪಲಿ ಮೇಲೆ ಒಂದು ಇಲಿ ತಂದಿಟ್ಟಳು. ಅವನು ಅದನ್ನು ಜಮೆ ಅಂತ ಬರೆದುಕೊಂಡಿದ್ದಾನೆ.

ಈ ಸೆಮ್ ಪರೀಕ್ಷೆ ಮುಗಿದ ಮೇಲೆ ಮತ್ತೆ 23 ದಿನ ರಜೆ. ಬಿ ಬ್ಲಾಕ್ ನೋಟಿಸ್ ಬೋರ್ಡ್‌ನಲ್ಲಿ, ಲಾಂಡ್ರಿ ಟೈಮಿಂಗ್ ಪಕ್ಕ, ನಾವು ಒಂದು ಹಾಳೆ ಅಂಟಿಸಿದ್ದೀವಿ. ಒಂದೊಂದು ದಿನಕ್ಕೆ ಒಂದೊಂದು ಗೆರೆ. ಊರಲ್ಲೇ ಮನೆ ಇರೋ ಡೇ ಸ್ಕಾಲರ್‌ಗಳು, ಪ್ರಾಜೆಕ್ಟ್ ಅಂತ ಉಳಿಯೋ ಸೀನಿಯರ್ಸ್ ಹೆಸರು ಬರೆದಿದ್ದಾರೆ. ಡಬ್ಬ, ಗೆರೆ ಎಳೆದ ಕಪ್ಪು ಎರಡೂ ವಾಚ್‌ಮನ್ ಅಣ್ಣನ ಹತ್ತಿರ ಇರುತ್ತೆ. ದುಡ್ಡು ಕೇಳ್ತಿಲ್ಲ, ಅದು ಆಗಿದೆ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಬೇಕು.

ಇದನ್ನು ಬರೆಯೋ ಹೊತ್ತಿಗೆ 14 ಗೆರೆ ತುಂಬಿದೆ. 9 ಖಾಲಿ ಇವೆ. ಪೆನ್ನು ದಾರ ಕಟ್ಟಿ ಅಲ್ಲೇ ನೇತುಹಾಕಿದ್ದೀವಿ.